ರಿಮಾಸ್ಟರ್ಡ್ ಅಂತೀರಲ್ಲ, ವೌಚರ್ ಎಲ್ಲಿ?

1/9

ಯಾವುದಾದರೂ ಒಂದು ಹಳೇ ಕನ್ನಡ ಹಾಡು ಹುಡುಕಿ ನೋಡಿ. ಕಮ್ಮಿ ಅಂದ್ರೂ ನಾಲ್ಕು ಕಾಣ್ತವೆ. ಒಂದಕ್ಕೆ ಬರೀ ಹಾಡಿನ ಹೆಸರು. ಇನ್ನೊಂದಕ್ಕೆ "ರಿಮಾಸ್ಟರ್ಡ್". ಮತ್ತೊಂದಕ್ಕೆ "ಎಚ್‌ಡಿ ಆಡಿಯೋ". ನಾಲ್ಕನೇದಕ್ಕೆ "ಹೆಡ್‌ಫೋನ್ ಹಾಕಿ ಕೇಳಿ, ಮೈ ಜುಮ್ ಅಂತದೆ". ಇದರಲ್ಲಿ ನಾವು ಯಾವುದನ್ನ ಒತ್ತುತ್ತೇವೆ ಅಂತ ಬೇರೆ ಹೇಳಬೇಕಾ?

ನನ್ನ ತಕರಾರು ಇಷ್ಟೇ. ಆ "ರಿಮಾಸ್ಟರ್ಡ್" ಅನ್ನೋ ಪದಕ್ಕೆ ನಮ್ಮಲ್ಲಿ ಈಗ ಅರ್ಥವೇ ಉಳಿದಿಲ್ಲ. ಹೋಟೆಲ್ ಬೋರ್ಡಿನ ಮೇಲೆ "ಶುದ್ಧ" ಅಂತ ಬರೆದಿರ್ತದಲ್ಲ, ಅಷ್ಟೇ ಬೆಲೆ. ಯಾವ ಟೇಪಿಂದ ತೆಗೆದರು, ಯಾರು ಕೂತು ಕೆಲಸ ಮಾಡಿದರು, ಯಾವ ವರ್ಷ, ಏನು ಬದಲಾಯ್ತು, ಒಂದೂ ಬರೆದಿರೋದಿಲ್ಲ. ಆಡಿಟಿಂಗ್ ಪೇಪರಲ್ಲಿ ನಮಗೆ ಕಲಿಸಿದ್ದೇನು? ವೌಚರ್ ಇಲ್ಲದ ಎಂಟ್ರಿ ಎಷ್ಟೇ ಚಂದದ ಅಕ್ಷರದಲ್ಲಿದ್ದರೂ ಒಪ್ಪಬಾರದು. ಪರೀಕ್ಷೆಯಲ್ಲಿ ಇದನ್ನೇ ಬರೆದು ಮಾರ್ಕ್ಸ್ ತಗೊಂಡವರು ಹಾಡಿನ ವಿಷಯಕ್ಕೆ ಬಂದಾಗ ಕಣ್ಣು ಮುಚ್ಚಿ ಸಹಿ ಹಾಕ್ತೀರಿ.

ಉದ್ದ ಆಗ್ತದೆ. ಒಂದು ಕ್ಯಾಪ್ಶನ್ನಿಗೆ ಇವರು ಬಿಡೋದೇ 2,200 ಅಕ್ಷರ. ಅದಕ್ಕೇ ಕಂತು. ಓದೋರು ಓದಿ, ಬರೀ ಲೈಕ್ ಒತ್ತಿ ಹೋಗೋರು ಹೋಗಿ, ಅಡ್ಡಿಲ್ಲ.

2/9

ಮೊದಲು ಪದದ ಅರ್ಥ ನೋಡುವ. ಸ್ಟುಡಿಯೋದಲ್ಲಿ ಹಾಡೋದು, ಬಾರಿಸೋದು ರೆಕಾರ್ಡಿಂಗ್. ಬೇರೆಬೇರೆಯಾಗಿ ಹಿಡಿದ ಸದ್ದುಗಳನ್ನ ಹದವಾಗಿ ಸೇರಿಸೋದು ಮಿಕ್ಸಿಂಗ್. ಅದನ್ನ ಜನರ ಕೈಗೆ ಹೋಗೋ ವಸ್ತುವಿಗೆ ತಕ್ಕ ಹಾಗೆ ಕೊನೆಯದಾಗಿ ತಯಾರು ಮಾಡೋದು ಮಾಸ್ಟರಿಂಗ್.

ವಸ್ತು ಬದಲಾದರೆ ಈ ಕೊನೆಯ ಹಂತ ಬದಲಾಗಲೇ ಬೇಕು. 78ರ ತಟ್ಟೆಯಲ್ಲಿ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ ಅಷ್ಟೇ ಹಿಡಿಸ್ತಿತ್ತು. 1948ರಲ್ಲಿ ಎಲ್‌ಪಿ ಬಂತು. ಅದರಲ್ಲಿ ಬೇಸ್ ಜಾಸ್ತಿ ಕೊಟ್ಟರೆ ಗೆರೆ ಅಗಲ ಆಗಿ ಮುಳ್ಳೇ ಹಾರ್ತದೆ, ಹಂಗಾಗಿ ಬೇಸ್ ತಗ್ಗಿಸಿ ಕೊರೀತಿದ್ದರು, ಪ್ಲೇಯರ್ ಅದನ್ನ ತಿರುಗಿ ಏರಿಸ್ತಿತ್ತು. 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂತು, ಅದಕ್ಕೆ ಹುಟ್ಟಿನಿಂದಲೇ "ಸ್ಸ್ಸ್" ಅನ್ನೋ ಕಾಯಿಲೆ. 1982ರಲ್ಲಿ ಸಿಡಿ ಬಂದಾಗ ಈ ಯಾವ ಕಟ್ಟುಪಾಡೂ ಇರಲಿಲ್ಲ. ಸರಿ, ಹಾಗಾದರೆ ಮೂಲ ಟೇಪನ್ನ ಕಪಾಟಿಂದ ತೆಗೆದು ಹೊಸ ವಸ್ತುವಿಗೆ ತಕ್ಕಂತೆ ಇನ್ನೊಮ್ಮೆ ತಯಾರು ಮಾಡಿ ಅಂದರು. ಅದು ರಿಮಾಸ್ಟರಿಂಗ್. ಒಳ್ಳೇ ಕೆಲಸ, ಬೇಕಾದ ಕೆಲಸ.

ಅಂದ್ರೆ ಮೂಲ ಟೇಪಿಗೆ ವಾಪಸ್ ಹೋಗೋದೇ ಅದರ ಜೀವ. ಯಾರೋ ಹಾಕಿದ ಎಂಪಿ3 ಇಳಿಸಿಕೊಂಡು, ಟ್ರೆಬಲ್ ಏರಿಸಿ, ಬೇಸ್ ಏರಿಸಿ, ಒಂಚೂರು ಗುಂಯ್ ಅನ್ನೋ ರಿವರ್ಬ್ ಹಾಕಿದರೆ ಅದು ರಿಮಾಸ್ಟರ್ ಅಲ್ಲ ಮಾರಾಯ್ರೆ. ಹಳಸಿದ ಅನ್ನಕ್ಕೆ ಒಗ್ಗರಣೆ.

3/9

ನಮ್ಮ ಹಳೇ ಸಿನೆಮಾ ಹಾಡುಗಳ ಕತೆ ಇನ್ನೂ ಬೇರೆ. ಆ ಕಾಲದಲ್ಲಿ ಹೆಚ್ಚಿನವು ಮದರಾಸಿನ ಸ್ಟುಡಿಯೋಗಳಲ್ಲಿ ಆದದ್ದು. ಹಾಡೋರು, ವಾದ್ಯದವರು ಎಲ್ಲ ಒಟ್ಟಿಗೇ, ಒಂದೇ ಸಲಕ್ಕೆ. ಯಾರಾದರೂ ಒಬ್ಬ ತಪ್ಪಿದರೆ ಎಲ್ಲರೂ ಮೊದಲಿಂದ. ಸಿಕ್ಕಿದ್ದು ಒಂದೇ ಟ್ರ್ಯಾಕ್, ಮೋನೋ. ಪಿ. ಬಿ. ಶ್ರೀನಿವಾಸ್ ದನಿ ಒಂದು ಕಡೆ, ಪಿಟೀಲು ಇನ್ನೊಂದು ಕಡೆ ಅಂತ ಬೇರೆಬೇರೆ ಎತ್ತಿಟ್ಟಿದ್ದೇ ಇಲ್ಲ.

ಈಗ ಅದೇ ಹಾಡು "ಸ್ಟೀರಿಯೋ ರಿಮಾಸ್ಟರ್ಡ್" ಅಂತ ಬಂದರೆ ಆ ಎಡ-ಬಲ ಎಲ್ಲಿಂದ ಬಂತು? ಹಿಂದೆ ತಗ್ಗು ಸ್ವರ ಒಂದು ಕಿವಿಗೆ, ಎತ್ತರದ ಸ್ವರ ಇನ್ನೊಂದು ಕಿವಿಗೆ ಹರಿದು ಹಂಚ್ತಿದ್ದರು. ಈಗ ಎಐ ಇದೆ, ದನಿ ಬೇರೆ, ವಾದ್ಯ ಬೇರೆ ಅಂತ ಅಂದಾಜಿನ ಮೇಲೆ ಸೀಳಿ ಕೊಡ್ತದೆ. ಅದು ಬುದ್ಧಿವಂತಿಕೆಯ ಅಂದಾಜೇ ಹೌದು, ಆದರೂ ಅಂದಾಜೇ. ಕೊಳಲಿನ ಬಾಲ ಹಾಡುವವರ ದನಿಗೆ ಅಂಟಿಕೊಂಡು ಬರ್ತದೆ, ತಬಲದ ಪೆಟ್ಟು ಅರ್ಧ ಇಲ್ಲಿ ಅರ್ಧ ಅಲ್ಲಿ.

ಮಾಡಬಾರದು ಅಂತ ನಾನು ಹೇಳ್ತಿಲ್ಲ. ಪುಟ್ಟಣ್ಣ ಕಣಗಾಲರ "ನಾಗರಹಾವು" 1972ರದು, 2018ರ ಜುಲೈಯಲ್ಲಿ 7.1 ಸೌಂಡ್ ಅಂತ ಮತ್ತೆ ಥಿಯೇಟರಿಗೆ ಬಂತು. "ಸತ್ಯ ಹರಿಶ್ಚಂದ್ರ" 2008ರಲ್ಲಿ, "ಕಸ್ತೂರಿ ನಿವಾಸ" 2014ರಲ್ಲಿ ಬಣ್ಣ ಹಚ್ಚಿಸಿಕೊಂಡು ಬಂದವು. ಬಣ್ಣ ನನಗೆ ಹಿಡಿಸೋದಿಲ್ಲ, ಅದು ಬೇರೆ. ಆದರೆ ಅಲ್ಲಿ ಮೋಸ ಇಲ್ಲ. "ಬಣ್ಣ ಹಚ್ಚಿದ್ದೇವೆ" ಅಂತ ಪೋಸ್ಟರಲ್ಲೇ ಹೇಳಿದರು. ಕಪ್ಪು-ಬಿಳುಪು ಸಿನೆಮಾಕ್ಕೆ ಬಣ್ಣ ಹಚ್ಚಿ "ಇದೇ ಮೂಲ, ಬರೀ ಧೂಳು ಒರೆಸಿದ್ದೇವೆ" ಅಂದಿದ್ದರೆ ಜನ ಬಿಡ್ತಿದ್ದರಾ? ಹಾಡಿನ ವಿಷಯದಲ್ಲಿ ದಿನಾ ಹಾಗೇ ಹೇಳ್ತಾರೆ, ಕಿವಿಗೆ ಬಣ್ಣ ಕಾಣೋದಿಲ್ಲವಲ್ಲ.

4/9

ಸದ್ದು. ಇದನ್ನ ಬೇಗ ಮುಗಿಸ್ತೇನೆ.

ಎರಡು ಪ್ರತಿ ಪಕ್ಕಪಕ್ಕ ಇಟ್ಟು ಕೇಳಿಸಿದರೆ ಜೋರಿದ್ದದ್ದೇ ಚಂದ ಅನ್ನಿಸ್ತದೆ. ಮೊದಲ ಹತ್ತು ಸೆಕೆಂಡಿಗೆ ಎಲ್ಲರಿಗೂ. ಅದಕ್ಕೇ ಮೆತ್ತಗಿನ ಜಾಗ ಎತ್ತಿ, ಜೋರಿನ ಜಾಗ ಒತ್ತಿ, ಎಲ್ಲ ಒಂದೇ ಮಟ್ಟ ಮಾಡ್ತಾರೆ. ಎಸ್. ಜಾನಕಿ ಪಿಸುಗುಟ್ಟೋ ಜಾಗವೂ, ಪಲ್ಲವಿ ಎತ್ತಿಕೊಳ್ಳೋ ಜಾಗವೂ ಸಮ. 2008ರಲ್ಲಿ ಮೆಟಾಲಿಕಾ ಬ್ಯಾಂಡಿನ "ಡೆತ್ ಮ್ಯಾಗ್ನೆಟಿಕ್" ಬಂದಾಗ ಅಲ್ಲಿನ ಅಭಿಮಾನಿಗಳೇ ಗಲಾಟೆ ಎಬ್ಬಿಸಿದ್ದರು. ಸಿಡಿಗಿಂತ ವಿಡಿಯೋ ಗೇಮಿನಲ್ಲಿ ಬಂದ ಅದೇ ಹಾಡುಗಳು ಕೇಳೋಕೆ ಚಂದ ಇದ್ದವು, ಯಾಕಂದ್ರೆ ಗೇಮಿನಲ್ಲಿ ಅಷ್ಟು ಹಿಂಡಿರಲಿಲ್ಲ.

ತಮಾಷೆ ಏನಂದ್ರೆ ಈ ಹಿಂಡಾಟ ಈಗ ದಂಡ. ಸ್ಪಾಟಿಫೈ ಎಲ್ಲ ಹಾಡನ್ನೂ ಒಂದೇ ಮಟ್ಟಕ್ಕೆ, ಮೈನಸ್ 14 ಅನ್ನೋ ಅಳತೆಗೆ ತಾನೇ ತಂದುಕೊಳ್ತದೆ. ಜೋರು ಮಾಡಿದ್ದನ್ನ ಅದು ತಗ್ಗಿಸ್ತದೆ, ಹಿಂಡಿ ಹೋದ ಜೀವ ಮಾತ್ರ ವಾಪಸ್ ಬರೋದಿಲ್ಲ.

5/9

ಈಗ ನಮ್ಮ ಕಡೆಯ ವಿಷಯ. ಇದನ್ನ ಬರೆಯೋಕೇ ನಾನು ಕೂತಿದ್ದು.

ಕಾಳಿಂಗ ನಾವಡರು ತೀರಿಕೊಂಡಿದ್ದು 1990ರಲ್ಲಿ, ರಸ್ತೆ ಅಪಘಾತದಲ್ಲಿ. ಹುಟ್ಟಿದ್ದು 1958. ಲೆಕ್ಕ ಹಾಕಿ, ಎಷ್ಟು ಸಣ್ಣ ಪ್ರಾಯ. ನಾವು ಯಾರೂ ಅವರನ್ನ ರಂಗಸ್ಥಳದಲ್ಲಿ ನೋಡಿದವರಲ್ಲ, ಹುಟ್ಟಿರಲೇ ಇಲ್ಲ. ಆದರೂ ನಮ್ಮ ಕ್ಲಾಸಲ್ಲೇ ಅವರ ಪದ್ಯ ರಿಂಗ್‌ಟೋನ್ ಇಟ್ಟುಕೊಂಡವರು ಎಷ್ಟು ಜನ ಇದ್ದೀರಿ? ಅದು ಸಾಧ್ಯ ಆದದ್ದು ಕ್ಯಾಸೆಟ್ಟಿಂದ. ಅಂಗಡಿಯಲ್ಲಿ ಮಾರಿದ ಕ್ಯಾಸೆಟ್ ಕೆಲವು. ಆಟದ ಗದ್ದೆಯಲ್ಲಿ ಯಾರೋ ಪುಣ್ಯಾತ್ಮರು ಮಡಿಲಲ್ಲಿ ಟೇಪ್‌ರೆಕಾರ್ಡರ್ ಇಟ್ಟುಕೊಂಡು ರಾತ್ರಿಯಿಡೀ ಹಿಡಿದದ್ದು ಇನ್ನೆಷ್ಟೋ.

ಆ ಹಿಡಿದ ಕ್ಯಾಸೆಟ್ಟಲ್ಲಿ ಏನಿರ್ತದೆ? ಭಾಗವತಿಕೆ, ಚಂಡೆ, ಮದ್ದಳೆ, ಜಾಗಟೆ. ಮತ್ತೆ ಕೆಮ್ಮು, ಮಕ್ಕಳ ಅಳು, ಜನರೇಟರ್, ಕ್ಯಾಸೆಟ್ಟಿನದೇ "ಸ್ಸ್ಸ್". ಈಗ "ನಾಯ್ಸ್ ತೆಗೆದಿದ್ದೇವೆ" ಅಂತ ಒಬ್ಬ ಹಾಕ್ತಾನೆ. ಅವನು ಮಾಡೋದು ಇಷ್ಟು: ಸದ್ದಿಲ್ಲದ ಜಾಗದ ಒಂದು ತುಂಡು ತೋರಿಸಿ "ಇದು ನಾಯ್ಸ್, ಇಂಥದ್ದೆಲ್ಲ ತೆಗಿ" ಅಂತ ಸಾಫ್ಟ್‌ವೇರಿಗೆ ಹೇಳೋದು. ಸಾಫ್ಟ್‌ವೇರಿಗೆ ಯಕ್ಷಗಾನ ಗೊತ್ತಾ? ಆ "ಸ್ಸ್ಸ್" ಇರೋದು ಎತ್ತರದ ಸ್ವರಗಳಲ್ಲಿ. ಚಂಡೆಯ ಕೋಲು ಚರ್ಮಕ್ಕೆ ತಾಗೋ ಚುರುಕು, ಜಾಗಟೆಯ ಕೊನೆಯ ಝೇಂಕಾರ, ಭಾಗವತರು ಉಸಿರು ಎಳೆದುಕೊಳ್ಳೋದು, ಸ-ಶ-ಷ ಮೂರೂ ಬೇರೆ ಅಂತ ಕೇಳೋದು, ಎಲ್ಲ ಅದೇ ಜಾಗದಲ್ಲಿ. ಜೋರಾಗಿ ತಿಕ್ಕಿದರೆ ಎಲ್ಲ ಒಟ್ಟಿಗೇ ಹೋಗ್ತದೆ. ಉಳಿಯೋದು ಬಾವಿ ಒಳಗೆ ಕೂತು ಹಾಡಿದ ಹಾಗೆ. ಅದರ ಕೆಳಗೆ ನಾವೇ ಬರೀತೇವೆ: "ಕ್ಲಾರಿಟಿ ಸೂಪರ್".

ನಮ್ಮ ಮನೆಯದೇ ಒಂದು ಹೇಳ್ತೇನೆ. ಚಿಕ್ಕಮ್ಮನ ಮದುವೆ ಹೊತ್ತಿಗೆ ಅಮ್ಮನ ತಾಯಿ, ಅಂದ್ರೆ ಅಜ್ಜಿ, ಮದುವೆ ಹಾಡು ಹೇಳಿದ್ದನ್ನ ಮಾವ ಕ್ಯಾಸೆಟ್ಟಲ್ಲಿ ಹಿಡಿದಿದ್ದ. ಮೇ ತಿಂಗಳ ಕೊನೆ, ಮೊದಲ ಮಳೆ, ಹಂಚಿನ ಮೇಲೆ ಬೀಳೋ ಸದ್ದು. ಅಜ್ಜಿ ಒಂದು ಸಾಲು, ಉಳಿದ ಹೆಂಗಸರು ತಿರುಗಿ ಅದೇ ಸಾಲು. ನಾನು ಸಣ್ಣವನಿದ್ದಾಗ ಅದನ್ನ ಕೇಳಿದ್ದೇನೆ. ಅಜ್ಜಿ ಹೋದ ಮೇಲೆ ಮಾವ ಅದನ್ನ ಪೇಟೆಯ ಒಂದು ಅಂಗಡಿಗೆ ಕೊಟ್ಟು ಪೆನ್‌ಡ್ರೈವಿಗೆ ಹಾಕಿಸಿದ. ಅಂಗಡಿಯವ ಉಪಕಾರವೇ ಮಾಡುವ ಅಂತ ಮಳೆ ತೆಗೆದಿದ್ದಾನೆ. ಮಳೆ ಸದ್ದೂ ಕ್ಯಾಸೆಟ್ಟಿನ ಸ್ಸ್ಸ್ ಸದ್ದೂ ಸಾಫ್ಟ್‌ವೇರಿಗೆ ಒಂದೇ ಜಾತಿ. ಮಳೆ ಹೋಯ್ತು, ಅದರೊಟ್ಟಿಗೆ ಪ್ರತಿ ಸಾಲಿನ ಕೊನೆಯ ಅಕ್ಷರವೂ ಹೋಯ್ತು. ಅಜ್ಜಿ ದನಿ ಸಾಲಿನ ತುದಿಯಲ್ಲಿ ಸಣ್ಣ ಆಗ್ತಿತ್ತಲ್ಲ, ಅಲ್ಲಿಗೆ ಬಂದಾಗ ಕತ್ತರಿಸಿದ ಹಾಗೆ ಸೊನ್ನೆ. ಅಮ್ಮನಿಗೆ ಈಗ ಕೆಲವು ಸಾಲು ಏನಂತಲೇ ಗೊತ್ತಾಗೋದಿಲ್ಲ.

ಆ ಕ್ಯಾಸೆಟ್? "ಪೆನ್‌ಡ್ರೈವ್ ಇದೆಯಲ್ಲ" ಅಂತ ಮಾವ ಗುಜರಿಗೆ ಹಾಕಿಬಿಟ್ಟ. ತಿರುಗಿ ಮಾಡಿಸುವ ಅಂದ್ರೂ ಇಲ್ಲ.

ಬಡಗೇರಿಯ ಸುಕ್ರಜ್ಜಿ, ಸುಕ್ರಿ ಬೊಮ್ಮಗೌಡ, 2017ರಲ್ಲಿ ಪದ್ಮಶ್ರೀ ಬಂದವರು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಆ ಹಾಲಕ್ಕಿ ಹಾಡುಗಳೆಲ್ಲ ತಲೆಯಲ್ಲೇ ಇದ್ದದ್ದು. ಈಗ ಉಳಿದಿರೋದು ಅವರಿಂದ ಕಲಿತವರು, ಮತ್ತೆ ರೆಕಾರ್ಡಿಂಗ್. ಅದನ್ನೂ ಯಾರೋ ಒಬ್ಬ "ಗುಮಟೆಗೆ ಬೇಸ್ ಸಾಲದು" ಅಂತ ಡಿಜೆ ಕಿಕ್ ಸೇರಿಸಿ ರೀಲ್ ಮಾಡ್ತಾನೆ, ಹತ್ತು ವರ್ಷ ಬಿಟ್ಟು ಅದೇ ಮೂಲ ಆಗ್ತದೆ. ನನಗೆ ಸಿಟ್ಟು ಬರೋದು ಇಲ್ಲಿ.

6/9

ಸರಿಯಾಗಿ ಮಾಡಿದರೆ ಹೇಗಿರ್ತದೆ ಅನ್ನೋದಕ್ಕೂ ಒಂದು ಕತೆ ಇದೆ.

ಮೈಲ್ಸ್ ಡೇವಿಸ್ ಅಂತ ಅಮೆರಿಕದ ಜಾಝ್ ಕಲಾವಿದ. 1959ರ ಮಾರ್ಚ್ 2ಕ್ಕೆ ನ್ಯೂಯಾರ್ಕಿನಲ್ಲಿ "ಕೈಂಡ್ ಆಫ್ ಬ್ಲೂ" ಅನ್ನೋ ಆಲ್ಬಮ್ಮಿನ ಮೊದಲ ಮೂರು ಹಾಡು ಹಿಡಿದರು. ಆ ದಿನ ಟೇಪ್ ಮಷಿನ್ ಸ್ವಲ್ಪ ನಿಧಾನ ಓಡ್ತಿತ್ತು. ನಿಧಾನ ಓಡಿದ ಟೇಪನ್ನ ಸರಿ ವೇಗದಲ್ಲಿ ಹಾಕಿದರೆ ಏನಾಗ್ತದೆ? ಶ್ರುತಿ ಏರ್ತದೆ. ಲೋಕದಲ್ಲೆಲ್ಲ ಮಾರಾಟವಾದ ತಟ್ಟೆಯ ಮೊದಲ ಬದಿ ಇಡೀ ಚೂರು ಏರು ಶ್ರುತಿ. ಅದರ ಜೊತೆ ಸ್ಯಾಕ್ಸೋಫೋನ್ ಬಾರಿಸಿ ಕಲಿಯೋಕೆ ಹೋದವರು ತಮ್ಮ ವಾದ್ಯವೇ ಸರಿ ಇಲ್ಲ ಅಂದುಕೊಳ್ಳೋ ಸ್ಥಿತಿ. ಅದು ಸರಿಯಾದದ್ದು 1992ರ ರಿಮಾಸ್ಟರಲ್ಲಿ. ಅದೇ ದಿನ ಇನ್ನೊಂದು ಮಷಿನಲ್ಲೂ ಟೇಪ್ ಓಡ್ತಿತ್ತು, ಅದನ್ನ ಹುಡುಕಿ ತೆಗೆದು ಅದರಿಂದ ಮಾಡಿದರು. ಏನು ತಪ್ಪಿತ್ತು, ಹೇಗೆ ಸರಿ ಮಾಡಿದೆವು ಅಂತ ಹೇಳಿಯೇ ಮಾರಿದರು. 33 ವರ್ಷದ ನಂತರ ಶ್ರುತಿ ಶ್ರುತಿಗೆ ಬಂತು. ಇಂಥ ಕೆಲಸಕ್ಕೆ ನಾನು ದುಡ್ಡು ಕೊಟ್ಟೇ ತಗೊಳ್ತೇನೆ.

ಇದು ನಮಗೆ ದೂರದ ಸಂಗತಿ ಅಲ್ಲ. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಬೆಲ್ಟ್ ಸಡಿಲಾದ ಟೇಪ್‌ರೆಕಾರ್ಡರ್ ಹಾಗೆ ಓಡ್ತದಾ? ನೂರಕ್ಕೆ ಮೂರು ಭಾಗ ಜೋರು ಓಡಿದರೂ ಹೆಚ್ಚುಕಮ್ಮಿ ಅರ್ಧ ಸ್ವರಸ್ಥಾನ ಏರ್ತದೆ. ನಾವಡರದು ಏರು ಶ್ರುತಿ ಅಂತ ವಾದ ಮಾಡ್ತೀರಲ್ಲ, ನೀವು ಕೇಳಿದ ಆ ಪ್ರತಿ ಎಷ್ಟು ವೇಗದಲ್ಲಿ ಓಡಿದ್ದು ಅಂತ ಯಾರಾದರೂ ನೋಡಿದ್ದೀರಾ? ಅದನ್ನ ಸರಿ ಮಾಡಿಕೊಡಿ, ಅದು ರಿಮಾಸ್ಟರಿಂಗ್. ರಿವರ್ಬ್ ಹಾಕೋಕೆ ಆರನೇ ಕ್ಲಾಸಿನ ಹುಡುಗನಿಗೂ ಬರ್ತದೆ.

7/9

ಇನ್ನೊಂದು ಪಂಗಡ ಇದೆ. "ಹಳೇದರ ಕರಕರ ಸದ್ದಲ್ಲೇ ಆತ್ಮ ಇರೋದು, ಡಿಜಿಟಲ್ ಮುಟ್ಟಿದರೆ ಸತ್ತೋಯ್ತು" ಅನ್ನೋರು. ಬೆಂಗಳೂರಿನಲ್ಲಿ ಹೊಸ ರೆಕಾರ್ಡ್ ಪ್ಲೇಯರ್ ತಗೊಂಡು ಸ್ಟೋರಿ ಹಾಕೋ ಜಾತಿ. ಇವರ ಜೊತೆಗೂ ನಾನಿಲ್ಲ.

2022ರ ಜುಲೈಯಲ್ಲಿ ಅಮೆರಿಕದಲ್ಲಿ ಏನಾಯ್ತು ಗೊತ್ತಾ? ಮೊಬೈಲ್ ಫಿಡೆಲಿಟಿ ಅಂತ ಒಂದು ಕಂಪನಿ. ಮೂಲ ಟೇಪಿಂದ ಎಲ್‌ಪಿ ಮಾಡ್ತೇವೆ ಅಂತ ದುಬಾರಿ ಬೆಲೆಗೆ ಮಾರೋರು. ಮೈಕೆಲ್ ಜಾಕ್ಸನ್ನನ "ಥ್ರಿಲ್ಲರ್" 40,000 ಪ್ರತಿ ತರ್ತೇವೆ ಅಂದರು. ಒಂದೇ ಮೂಲ ಟೇಪಿಂದ ಅಷ್ಟು ಪ್ರತಿ ಹೇಗೆ ಸಾಧ್ಯ ಅಂತ ಜನಕ್ಕೆ ಅನುಮಾನ ಬಂತು. ಅರಿಜೋನಾದ ಒಬ್ಬ ರೆಕಾರ್ಡ್ ಅಂಗಡಿಯವ ಬಾಯಿ ಬಿಟ್ಟ: ನಡುವೆ ಒಂದು ಡಿಜಿಟಲ್ ಹಂತ ಇದೆ. ಕಂಪನಿ ಒಪ್ಪಿಕೊಂಡಿತು, ಕೋರ್ಟ್ ಕೇಸೂ ಆಯ್ತು.

ಈಗ ಯೋಚನೆ ಮಾಡಿ. "ಡಿಜಿಟಲ್ ಸತ್ತ ಸದ್ದು" ಅಂತಿದ್ದ ಅದೇ ಜನ ಅಷ್ಟು ವರ್ಷ ಆ ತಟ್ಟೆಗಳನ್ನ ಹೊಗಳಿದ್ದೇ ಹೊಗಳಿದ್ದು. ಕಿವಿಗೆ ಗೊತ್ತೇ ಆಗಿರಲಿಲ್ಲ. ಅಂದ್ರೆ ಡಿಜಿಟಲ್ ಮಾಡಿದ್ದು ತಪ್ಪಲ್ಲ, ಹೇಳದೆ ಮಾಡಿದ್ದು ತಪ್ಪು. ಟೇಪಿನ ಸ್ಸ್ಸ್ ಆತ್ಮವೂ ಅಲ್ಲ, ಪಾಪವೂ ಅಲ್ಲ. ಹದವಾಗಿ ತೆಗೆಯೋಕೆ ಬರ್ತದೆ ಅಂದ್ರೆ ತೆಗೀರಿ. ಎಷ್ಟು ತೆಗೆದಿರಿ ಅಂತ ಬರೀರಿ, ಮೂಲವನ್ನೂ ಪಕ್ಕದಲ್ಲಿ ಇಡಿ.

8/9

ಕಾಮರ್ಸ್‌ನವರಿಗೆ ಅಂತಲೇ ಇದು. ಉಳಿದವರೂ ಓದಬಹುದು.

1957ರ ನಮ್ಮ ಕಾಪಿರೈಟ್ ಕಾಯ್ದೆ ಪ್ರಕಾರ ಧ್ವನಿಮುದ್ರಣದ ಹಕ್ಕು 60 ವರ್ಷ, ಪ್ರಕಟವಾದ ಮುಂದಿನ ವರ್ಷದ ಜನವರಿಯಿಂದ ಲೆಕ್ಕ. 1965ರಲ್ಲಿ ಬಂದ ರೆಕಾರ್ಡಿನದು 2025ರ ಡಿಸೆಂಬರ್ 31ಕ್ಕೆ ಮುಗೀತದೆ. (ಸಾಹಿತ್ಯ, ಸಂಗೀತದ ಹಕ್ಕು ಬೇರೆ, ಅದು ಬರೆದವರು ತೀರಿಕೊಂಡ ಮೇಲೆ 60 ವರ್ಷ. ಎರಡನ್ನೂ ಕಲಸಬೇಡಿ.) ಹೀಗೆ ಒಂದೊಂದೇ ವರ್ಷ ಅರವತ್ತರ ದಶಕದ ರೆಕಾರ್ಡುಗಳು ಸಾರ್ವಜನಿಕ ಆಸ್ತಿ ಆಗ್ತಾ ಬರೋ ಹೊತ್ತಿಗೆ ಅವುಗಳ ಮೇಲೆ "ರಿಮಾಸ್ಟರ್ಡ್", ಪಕ್ಕದಲ್ಲಿ ಹೊಸ ಇಸವಿ ಬಿದ್ದರೆ, ಅದರಿಂದ ಲಾಭ ಯಾರಿಗೆ ಅಂತ ಕೇಳೋದು ನಮ್ಮ ಕೆಲಸ. ಹಳೇ ಮಷಿನಿಗೆ ಪೇಂಟ್ ಹೊಡೆದು ಹೊಸ ಆಸ್ತಿ ಅಂತ ತೋರಿಸಿದರೆ ಆಡಿಟರ್ ಬಿಡ್ತಾನಾ?

ಅಮೆರಿಕದಲ್ಲಿ ಇದು ಕೋರ್ಟಿಗೇ ಹೋಗಿತ್ತು. ಸಿಬಿಎಸ್ ರೇಡಿಯೋ "ನಾವು ಹಾಕಿದ್ದು ರಿಮಾಸ್ಟರ್ಡ್ ಪ್ರತಿ, ಅದು ಬೇರೆಯೇ ಕೃತಿ, ಹಳೇ ಹಕ್ಕುದಾರರಿಗೆ ದುಡ್ಡು ಕೊಡಬೇಕಾಗಿಲ್ಲ" ಅಂತ ವಾದಿಸಿತು. ಕೆಳಗಿನ ಕೋರ್ಟ್ ಒಪ್ಪಿತು. 2018ರಲ್ಲಿ ಮೇಲಿನ ಕೋರ್ಟ್ ತಿರುಗಿಸಿ ಹಾಕಿತು: ಬರೀ ರಿಮಾಸ್ಟರ್ ಮಾಡಿದರೆ ಸಾಮಾನ್ಯವಾಗಿ ಹೊಸ ಕೃತಿ ಆಗೋದಿಲ್ಲ, ಸ್ವಂತದ್ದು ಅಂತ ಏನಾದರೂ ಸೇರಿರಬೇಕು. ನಮ್ಮ ಕೋರ್ಟಿಗೆ ಆ ತೀರ್ಪು ಕಟ್ಟುಪಾಡಲ್ಲ. ಆದರೆ ಮಾತು ಸ್ಪಷ್ಟ ಇದೆ.

ಇನ್ನೊಂದು ಕಳವು ಯಾರ ಕಣ್ಣಿಗೂ ಬೀಳೋದಿಲ್ಲ. 1978ರಲ್ಲಿ "ನಿತ್ಯೋತ್ಸವ" ಬಂತು, ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್. ಕವಿ ನಿಸಾರ್ ಅಹಮದ್, ಸಂಗೀತ ಮೈಸೂರು ಅನಂತಸ್ವಾಮಿ. ಅಲ್ಲಿಂದ ಮುಂದೆ ಭಾವಗೀತೆಯ ಕ್ಯಾಸೆಟ್ ತಗೊಂಡರೆ ಒಳಗೆ ಮಡಚಿದ ಕಾಗದದಲ್ಲಿ ಕವಿ ಯಾರು, ರಾಗ ಹಾಕಿದ್ದು ಯಾರು ಅಂತ ಇರ್ತಿತ್ತು. ಈಗಿನ ಆ್ಯಪಿನಲ್ಲಿ ಕವಿಯ ಹೆಸರು ಎಷ್ಟು ಕಡೆ ಇದೆ ನೋಡಿ. ತಬಲದವರ ಹೆಸರಂತೂ ಕೇಳೋದೇ ಬೇಡ. ಸದ್ದು ತಿಕ್ಕೋಕೆ ಪುರುಸೊತ್ತು ಇದ್ದವರಿಗೆ ಹೆಸರು ಟೈಪ್ ಮಾಡೋಕೆ ಪುರುಸೊತ್ತು ಇಲ್ಲ.

9/9

"ಫೋನ್ ಸ್ಪೀಕರಲ್ಲಿ ಕೇಳೋದಪ್ಪ, ಇಷ್ಟೆಲ್ಲ ಯಾರಿಗೆ ಬೇಕು?" ಅಂತ ನನ್ನ ಬೆಂಚಿನವನೇ ಹೇಳ್ತಾನೆ. ಸರಿ ತಮ್ಮಾ, ನಿನಗೆ ಇವತ್ತು ಬೇಡ. ನಾಳೆ ನಿನಗೋ ನಿನ್ನ ಮಗಳಿಗೋ ಬೇಕಾದಾಗ ಮೂಲ ಇರಬೇಕಲ್ಲ. ಒಮ್ಮೆ ಕತ್ತರಿಸಿದ ಸದ್ದು ಯಾವ ಎಐಯಿಂದಲೂ ತಿರುಗಿ ಬರೋದಿಲ್ಲ, ಅದು ಅಲ್ಲಿ ಏನೋ ಕಲ್ಪಿಸಿ ತುಂಬಿಸ್ತದೆ ಅಷ್ಟೇ.

ಹಂಗಾಗಿ, ಮುಂದಿನ ಸಲ "ರಿಮಾಸ್ಟರ್ಡ್" ಅಂತ ಹಾಕಿದವರನ್ನ ಕೇಳಿ: ಯಾವ ಟೇಪು? ಯಾರು ಮಾಡಿದ್ದು? ಉತ್ತರ ಬಂದರೆ ಫಾಲೋ ಮಾಡಿ.

ಮನೆಯ ಕ್ಯಾಸೆಟ್ ಪೇಟೆಗೆ ಕೊಡೋದಾದ್ರೆ "ಏನೂ ಕ್ಲೀನ್ ಮಾಡಬೇಡಿ, ಇದ್ದ ಹಾಗೇ ಕೊಡಿ" ಅಂತ ಬಾಯಿ ಬಿಟ್ಟು ಹೇಳಿ. ಎಂಪಿ3 ಬೇಡ, ವೇವ್ ಫೈಲ್ ಕೇಳಿ. ಧ್ವನಿ ಸಂಗ್ರಹ ಕಾಪಾಡೋರ ಅಂತಾರಾಷ್ಟ್ರೀಯ ಸಂಘ, ಐಎಎಸ್‌ಎ, ಹೇಳೋದು ಕನಿಷ್ಠ 48 ಕಿಲೋಹರ್ಟ್ಜ್, 24 ಬಿಟ್. ಒಂದು ತಾಸಿಗೆ ಸುಮಾರು 1 ಜಿಬಿ ಆಗ್ತದೆ. ನೀವು ಒಂದು ವಾರ ನೋಡೋ ರೀಲ್ಸಿಗಿಂತ ಕಮ್ಮಿ. ಕ್ಲೀನ್ ಮಾಡೋದಿದ್ದರೆ ಆಮೇಲೆ, ಅದರ ನಕಲಿನ ಮೇಲೆ. ಟೇಪ್ ಹಾಕಿದಾಗ ದನಿ ಮಂಕಾಗಿ ಕೇಳಿದರೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ಚೂರೇ ಚೂರು ತಿರುಗಿಸಿ ನೋಡಬೇಕು, ಎಷ್ಟೋ ಸಲ ಅಷ್ಟರಲ್ಲೇ ದನಿ ತೆರೆದುಕೊಳ್ತದೆ. ಸಾಫ್ಟ್‌ವೇರ್ ಬೇಕಾಗೋದೇ ಇಲ್ಲ.

ಮಳೆಗಾಲಕ್ಕೆ ಮೊದಲು ಕಪಾಟು ನೋಡಿ. ನಮ್ಮ ಕಡೆಯ ತೇವಕ್ಕೆ ಟೇಪಿನ ಮೇಲೆ ಬಿಳಿ ಬೂಷ್ಟು ಹಿಡೀತದೆ. ಹಿಡಿದದ್ದನ್ನ ಹಾಗೇ ಮಷಿನಿಗೆ ಹಾಕಿದರೆ ಟೇಪೂ ಹಾಳು, ಹೆಡ್ಡೂ ಹಾಳು.

ನನ್ನ ಹತ್ತಿರ ಒಂದು ಹಳೇ ಡೆಕ್ ಇದೆ, ಬೆಲ್ಟ್ ಹೊಸದು ಹಾಕಿಸಿದ್ದೇನೆ. ಹಿಲ್ಲೂರು, ಅಚವೆ, ಅಂಕೋಲೆ ಕಡೆಯವರು ಮನೆಯಲ್ಲಿ ಹಿಡಿದ ಆಟ, ಮದುವೆ ಹಾಡು, ಸುಗ್ಗಿ, ಗುಮಟೆ ಪಾಂಗು, ಏನೇ ಇದ್ದರೂ ಮೆಸೇಜ್ ಮಾಡಿ, ಭಾನುವಾರ ಕೂತು ಹಾಕಿಕೊಡ್ತೇನೆ. ಕಾಸು ಬೇಡ. ಹಾಡಿದವರ ಹೆಸರು, ಊರು, ಹಿಡಿದ ವರ್ಷ ಒಂದು ಚೀಟಿಯಲ್ಲಿ ಬರೆದು ತನ್ನಿ. ಮುಗಿದ ಮೇಲೆ ಕ್ಯಾಸೆಟ್ ವಾಪಸ್ ತಗೊಂಡು ಹೋಗಬೇಕು, ಗುಜರಿಗೆ ಹಾಕೋದಿಲ್ಲ ಅಂತ ಮಾತು ಕೊಟ್ಟು.

#ಹಳೇಹಾಡು #ಕ್ಯಾಸೆಟ್ #ಯಕ್ಷಗಾನ #ಅಂಕೋಲೆ #ವೌಚರ್‌ಎಲ್ಲಿ